ಅಳತೆಗೆ ನಿಂತ ಮನುಷ್ಯ

ಹತ್ತೊಂಬತ್ತನೇ ಶತಮಾನದ ಫೋಟೊಗಳಲ್ಲಿ ನಮ್ಮ ಗುಡಿ, ಗುಡ್ಡ, ಹೊಳೆಗಳೆಲ್ಲ ನಿರ್ಜನವಾಗಿ, ಶಾಂತವಾಗಿ ಕಾಣುತ್ತವೆ. ಆ ಶಾಂತಿಯನ್ನು ಏರ್ಪಡಿಸಲು ಎಷ್ಟು ಜನ ದುಡಿದರು, ಯಾರು ಬದಿಗೆ ಸರಿದರು, ಯಾರ ಹೆಸರು ಉಳಿಯಿತು? ಗೋಕಾಕದಿಂದ ಬಾದಾಮಿಯವರೆಗಿನ ಸೀಮೆಯನ್ನು ಮುಂದಿಟ್ಟುಕೊಂಡು ಒಂದು ಓದು.

ಬಾದಾಮಿ, ಐಹೊಳೆ, ವಿಜಯಪುರ, ಹಂಪಿಗಳ ಹಳೆಯ ಫೋಟೊಗಳನ್ನು ನೋಡುತ್ತ ಹೋದರೆ ಒಬ್ಬ ಮನುಷ್ಯ ಮತ್ತೆ ಮತ್ತೆ ಎದುರಾಗುತ್ತಾನೆ. ಒಂದು ಚಿತ್ರದಲ್ಲಿ ಕಂಬದ ಬುಡದಲ್ಲಿ ನಿಂತಿರುತ್ತಾನೆ, ಇನ್ನೊಂದರಲ್ಲಿ ಕುಸಿದ ಗೋಡೆಯ ಮೇಲೆ ಕೂತಿರುತ್ತಾನೆ. ತಲೆಗೆ ರುಮಾಲು, ಮೊಣಕಾಲಿನವರೆಗೆ ಧೋತರ. ಮುಖ ಎಷ್ಟು ಸಣ್ಣದೆಂದರೆ ಕಣ್ಣು ಮೂಗಿನ ಗುರುತು ಹತ್ತುವುದಿಲ್ಲ. ಚಿತ್ರದ ಕೆಳಗೆ ಗುಡಿಯ ಹೆಸರಿರುತ್ತದೆ, ಊರಿನ ಹೆಸರಿರುತ್ತದೆ, ಫೋಟೊ ತೆಗೆದ ಸಾಹೇಬನ ಹೆಸರು ಮತ್ತು ಹುದ್ದೆ ಇರುತ್ತವೆ. ಈ ಮನುಷ್ಯನ ಹೆಸರು ಮಾತ್ರ ಇರುವುದಿಲ್ಲ. ಕಂಬ ಎಷ್ಟು ಎತ್ತರ ಎಂದು ದೂರದ ಓದುಗನಿಗೆ ತಿಳಿಯಲಿ ಎಂದು ಅವನನ್ನು ನಿಲ್ಲಿಸಿದ್ದಾರೆ. ಅಳತೆಗೋಲಿನ ಕೆಲಸ ಅವನದು.

ನಿಸರ್ಗದ ಚಿತ್ರ ಎಂದಕೂಡಲೆ ನಮಗೆ ಬೆಟ್ಟ, ನೀರು, ಬೆಳಕು ನೆನಪಾಗುತ್ತವೆ. ಜಾತಿ, ವರ್ಗ, ಅಧಿಕಾರ ನೆನಪಾಗುವುದಿಲ್ಲ. ಆದರೆ ಆ ಕಾಲದಲ್ಲಿ ಒಂದು ಬೆಟ್ಟದ ಚಿತ್ರ ತೆಗೆಯಬೇಕಾದರೂ ಒಬ್ಬ ಆಜ್ಞೆ ಕೊಡಬೇಕಿತ್ತು, ಹಲವರು ಕೇಳಬೇಕಿತ್ತು. ಆ ಲೆಕ್ಕ ಚಿತ್ರದ ಒಳಗೇ ಇದೆ, ನೋಡುವ ಅಭ್ಯಾಸ ಬೇಕು ಅಷ್ಟೆ. ಮೂಡಲಗಿ ತಾಲ್ಲೂಕಿನ ಕುಲಗೋಡದಲ್ಲಿ ನಿಂತರೆ ಈ ಓದಿಗೆ ಅನುಕೂಲ. ಪಶ್ಚಿಮಕ್ಕೆ ಗೋಕಾಕದ ಧಬಧಬೆ, ಪೂರ್ವದ ಕಡೆಗೆ ಮುಧೋಳ, ಅದರಾಚೆ ಬಾದಾಮಿ–ಐಹೊಳೆ. ಕರ್ನಾಟಕದಲ್ಲಿ ಕ್ಯಾಮೆರಾ ಮೊದಮೊದಲು ಓಡಾಡಿದ ಸೀಮೆಗಳಲ್ಲಿ ಇದೂ ಒಂದು.

ಸರ್ಕಾರಿ ಕೆಲಸವಾಗಿ ಬಂದ ಕ್ಯಾಮೆರಾ

1850ರ ದಶಕದ ನಡುವೆ ಲಂಡನ್ನಿನ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರಿಗೆ ಒಂದು ವಿಚಾರ ಹೊಳೆಯಿತು. ಹಿಂದುಸ್ತಾನದ ಹಳೆಯ ಕಟ್ಟಡಗಳನ್ನು ಚಿತ್ರಕಾರರಿಂದ ಬರೆಸುವುದಕ್ಕೆ ದುಡ್ಡೂ ಹೆಚ್ಚು, ಕಾಲವೂ ಹೆಚ್ಚು. ಫೋಟೊ ತೆಗೆಸಿದರೆ ಎರಡೂ ಉಳಿಯುತ್ತವೆ. ಅದರಂತೆ 1855ರಲ್ಲಿ ಬೊಂಬಾಯಿ ಸರ್ಕಾರ ತನ್ನ ತೋಪಖಾನೆಯ ಕ್ಯಾಪ್ಟನ್ ಥಾಮಸ್ ಬಿಗ್ಸ್‌ನನ್ನು ಫೋಟೊಗ್ರಾಫರನನ್ನಾಗಿ ನೇಮಿಸಿ ವಿಜಯಪುರ, ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಕಡೆಗೆ ಕಳಿಸಿತು. ವರ್ಷದ ಕೊನೆಗೆ ಅವನು ತನ್ನ ಪಲ್ಟನ್ನಿಗೆ ಮರಳಬೇಕಾಯಿತು. ಆ ಕೆಲಸ ಕೈಗೆತ್ತಿಕೊಂಡವನು ಬೊಂಬಾಯಿ ವೈದ್ಯಕೀಯ ಸೇವೆಯ ಡಾಕ್ಟರ್ ವಿಲಿಯಂ ಪಿಗೌ. ಮೈಸೂರು ಸೀಮೆಯ ಗುಡಿಗಳನ್ನು ಮದ್ರಾಸ್ ಸೈನ್ಯದ ಡಾಕ್ಟರ್ ನೀಲ್ ಕೂಡ ಚಿತ್ರಿಸಿದ. ಹಂಪಿಯನ್ನು 1856ರ ಸುಮಾರಿಗೆ ಚಿತ್ರಿಸಿದ ಅಲೆಕ್ಸಾಂಡರ್ ಗ್ರೀನ್‌ಲಾ ಸಹ ಸೈನ್ಯಾಧಿಕಾರಿಯೇ.

ಈ ಹೆಸರುಗಳನ್ನು ಒಟ್ಟಿಗೆ ಇಟ್ಟು ನೋಡಿ. ಒಬ್ಬ ತೋಪಖಾನೆಯವನು, ಇಬ್ಬರು ವೈದ್ಯರು, ಒಬ್ಬ ಸೇನಾಧಿಕಾರಿ. ಹೊಟ್ಟೆಪಾಡಿಗೆ ಫೋಟೊ ತೆಗೆಯುವ ವೃತ್ತಿಯವರು ಇವರಲ್ಲಿ ಯಾರೂ ಅಲ್ಲ. ಇಂಗ್ಲೆಂಡಿನಲ್ಲಿ ಆಗ ಫೋಟೊಗ್ರಫಿ ಹಣ, ಬಿಡುವು, ವಿದ್ಯೆ ಮೂರೂ ಇದ್ದವರ ಹವ್ಯಾಸ. ಕಾಗದದ ಮೇಲೆ ನೆಗೆಟಿವ್ ಮೂಡಿಸುವ ವಿಧಾನ ಕಂಡುಹಿಡಿದು 1841ರಲ್ಲಿ ಹಕ್ಕುಪತ್ರ ಪಡೆದ ಹೆನ್ರಿ ಫಾಕ್ಸ್ ಟಾಲ್ಬಟ್ ಸ್ವತಃ ಜಮೀನುದಾರ. ಅವನ ಮೊದಮೊದಲ ಚಿತ್ರಗಳಲ್ಲಿ ಬಹಳಷ್ಟು ಲೇಕಾಕ್ ಎಂಬಲ್ಲಿದ್ದ ಅವನದೇ ಮನೆ, ಅಂಗಳ, ಮರಗಳವು. ತನ್ನದೆನ್ನುವ ನೆಲವನ್ನು ಚೌಕಟ್ಟಿನಲ್ಲಿ ಕೂರಿಸುವ ಅಭ್ಯಾಸ ಹಾಗೆ ಹುಟ್ಟಿತು. ಆ ಅಭ್ಯಾಸ ಸೈನ್ಯದ ಜೊತೆ ಇಲ್ಲಿಗೆ ಬಂದಾಗ 'ತನ್ನ ನೆಲ' ಎನ್ನುವುದರ ವ್ಯಾಪ್ತಿ ದೊಡ್ಡದಾಗಿತ್ತು. ಬೆಳಗಾವಿ ಕೋಟೆ 1818ರಲ್ಲೇ ಇಂಗ್ಲಿಷರ ಕೈಸೇರಿತ್ತು.

ಬಿಗ್ಸ್, ಪಿಗೌ, ನೀಲ್ ತೆಗೆದ ಚಿತ್ರಗಳು 1866ರಲ್ಲಿ ಲಂಡನ್ನಿನ ಜಾನ್ ಮರ್‍ರೇ ಪ್ರಕಾಶನದಿಂದ ದೊಡ್ಡ ಸಂಪುಟಗಳಾಗಿ ಹೊರಬಂದವು. ಧಾರವಾಡ–ಮೈಸೂರಿಗೆ ಒಂದು, ವಿಜಯಪುರಕ್ಕೆ ಒಂದು. ಇತಿಹಾಸದ ಟಿಪ್ಪಣಿ ಬರೆದವನು ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡಿದ್ದ ಮೆಡೋಸ್ ಟೇಲರ್. ಕಟ್ಟಡಗಳ ವಿಚಾರ ಬರೆದವನು ಜೇಮ್ಸ್ ಫರ್ಗ್ಯುಸನ್. ಈ ಮಾಲೆಗೆ ಹಣ ಕೊಟ್ಟವರು ಬೊಂಬಾಯಿಯ ಸಾಹುಕಾರರಾದ ಪ್ರೇಮಚಂದ ರಾಯಚಂದ, ಕರಸನದಾಸ ಮಾಧವದಾಸ ಮೊದಲಾದವರು. ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತು ಇಲ್ಲಿಯ ಹತ್ತಿಗೆ ಬಂಗಾರದ ಬೆಲೆ ಬಂದಿದ್ದ ಕಾಲವದು. ಬೊಂಬಾಯಿಗೆ ಹೋಗುತ್ತಿದ್ದ ಹತ್ತಿಯಲ್ಲಿ ಧಾರವಾಡ ಸೀಮೆಯ ಎರೆಹೊಲದ್ದೂ ಇತ್ತು. ಹತ್ತಿ ಬಿಡಿಸಿದ ಕೈಗಳಿಗೂ ಈ ಸಂಪುಟಗಳಿಗೂ ಹೀಗೊಂದು ನಂಟಿದೆ. ಆದರೆ ಪುಸ್ತಕ ತಲುಪಿದ್ದು ಲಂಡನ್ನಿನ, ಬೊಂಬಾಯಿಯ ದೊಡ್ಡವರ ಮನೆಯ ಮೇಜುಗಳಿಗೆ.

ಅಲುಗಿದವರು ಅಳಿಸಿಹೋದರು

ಆ ಕಾಲದ ಫೋಟೊ ತೆಗೆಯುವ ಕ್ರಮ ತಿಳಿದರೆ ಅಧಿಕಾರದ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಬಿಗ್ಸ್ ಬಳಸಿದ್ದು ಕಾಗದದ ನೆಗೆಟಿವ್. ಬೆಳ್ಳಿಯ ಲವಣ ಸವರಿದ ಕಾಗದವನ್ನು ಕ್ಯಾಮೆರಾದಲ್ಲಿಟ್ಟು ಮಸೂರದ ಮುಚ್ಚಳ ತೆಗೆದರೆ ನಿಮಿಷಗಟ್ಟಲೆ ಕಾಯಬೇಕು. ಅಷ್ಟು ಹೊತ್ತು ನಿಶ್ಚಲವಾಗಿದ್ದದ್ದು ಮಾತ್ರ ಕಾಗದದ ಮೇಲೆ ಉಳಿಯುತ್ತದೆ. ಕಲ್ಲು ಉಳಿಯುತ್ತದೆ, ಗೋಡೆ ಉಳಿಯುತ್ತದೆ. ಹರಿಯುವ ನೀರು ಬಿಳಿಯ ಬಟ್ಟೆ ಹಾಸಿದಂತೆ ಆಗುತ್ತದೆ. ಕೊಡ ಹೊತ್ತು ನಡೆದುಹೋದ ಹೆಂಗಸು, ದನ ಹೊಡೆದುಕೊಂಡು ಬಂದ ಹುಡುಗ, ಅಂಗಳ ಗುಡಿಸುತ್ತಿದ್ದವಳು ಇವರಾರೂ ಉಳಿಯುವುದಿಲ್ಲ. ಹೆಚ್ಚೆಂದರೆ ಒಂದು ಮಸುಕು ಗೆರೆ.

ಅಂದರೆ ಆ ಹೊತ್ತಿನಲ್ಲಿ ಕೆಲಸದಲ್ಲಿದ್ದವರು ಚಿತ್ರದಿಂದ ತಾವಾಗಿಯೇ ಅಳಿಸಿಹೋದರು. ನಿಲ್ಲು ಎಂದಾಗ ನಿಂತವರು ಮಾತ್ರ ಉಳಿದರು. ಆ ಚಿತ್ರಗಳ ಹಳ್ಳಿಗಳು ಅಷ್ಟು ಖಾಲಿಯಾಗಿ, ಅಲ್ಲಿರುವ ಒಬ್ಬಿಬ್ಬರು ಅಷ್ಟು ಸೋಮಾರಿಗಳಾಗಿ ಕಾಣಲು ಇದೂ ಒಂದು ಕಾರಣ. ರಾಸಾಯನಿಕದ ಮಿತಿಯಿಂದ ಆದದ್ದನ್ನು ದೂರದ ನೋಡುಗ ಊರಿನ ಗುಣವೆಂದೇ ಓದಿಕೊಂಡ. ನಿರ್ಜನ ನೆಲ, ಪಾಳುಬಿದ್ದ ಗುಡಿ, ಕೆಲಸವಿಲ್ಲದೆ ಕೂತ ಮನುಷ್ಯ: ಇವನ್ನು ಉದ್ಧಾರ ಮಾಡಲು ಒಬ್ಬ ಒಡೆಯ ಬೇಕು ಎನ್ನುವ ಅರ್ಥ ತಂತಾನೆ ಹೊರಡುತ್ತದೆ.

ನಿಲ್ಲಿಸುವ ಬಗೆ ಹೇಗಿರುತ್ತಿತ್ತು ಎನ್ನುವುದಕ್ಕೆ ಈಜಿಪ್ಟಿನ ಒಂದು ಪ್ರಸಂಗವಿದೆ. 1849–51ರಲ್ಲಿ ಫ್ರೆಂಚ್ ಲೇಖಕ ಮ್ಯಾಕ್ಸಿಮ್ ದ್ಯು ಕಾಂ ನೈಲ್ ನದಿಯುದ್ದಕ್ಕೂ ಗುಡಿಗಳ ಫೋಟೊ ತೆಗೆದ. ಅಳತೆಗೆಂದು ತನ್ನ ದೋಣಿಯ ಅಂಬಿಗ ಹಾಜಿ ಇಸ್ಮಾಯಿಲ್‌ನನ್ನು ನಿಲ್ಲಿಸುತ್ತಿದ್ದ. ಅವನು ಅಲುಗದಿರಲು ಹೂಡಿದ ಉಪಾಯವನ್ನು ತಾನೇ ಬರೆದುಕೊಂಡಿದ್ದಾನೆ: ಕ್ಯಾಮೆರಾದಿಂದ ಹೊರಚಾಚಿದ ಹಿತ್ತಾಳೆಯ ಕೊಳವೆ ತೋಪಿನ ಬಾಯಿ, ಮಿಸುಕಾಡಿದರೆ ಗುಂಡು ಹಾರುತ್ತದೆ ಎಂದು ನಂಬಿಸಿದ್ದನಂತೆ. ಬರೆದವನಿಗೆ ಇದು ತಮಾಷೆ. ಉಸಿರು ಬಿಗಿಹಿಡಿದು ನಿಂತವನಿಗೆ ಹೇಗಿತ್ತೋ ಅವನು ಬರೆದಿಟ್ಟಿಲ್ಲ. ಒಂದು ಸಮಾಧಾನವೆಂದರೆ ಆ ಅಂಬಿಗನ ಹೆಸರಾದರೂ ಪುಸ್ತಕದಲ್ಲಿ ಉಳಿಯಿತು. ನಮ್ಮ ಕಡೆಯ ಚಿತ್ರಗಳಲ್ಲಿ ನಿಂತವರಿಗೆ ಅಷ್ಟೂ ದಕ್ಕಲಿಲ್ಲ.

ಹೊರೆ ಯಾರ ತಲೆಯ ಮೇಲೆ?

1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಗಾಜಿನ ತಟ್ಟೆಯ ವಿಧಾನ ಪ್ರಕಟಿಸಿದ. ಚಿತ್ರ ಚೊಕ್ಕಟವಾಯಿತು, ಕಾಯುವ ಹೊತ್ತು ಸೆಕೆಂಡುಗಳಿಗೆ ಇಳಿಯಿತು. ಆದರೆ ಹೊರೆ ಹೆಚ್ಚಿತು. ಗಾಜಿಗೆ ಕಲೋಡಿಯನ್ ಎಂಬ ಅಂಟು ದ್ರವ ಸುರಿದು, ಬೆಳ್ಳಿಯ ದ್ರಾವಣದಲ್ಲಿ ಅದ್ದಿ, ಒದ್ದೆ ಆರುವ ಮುನ್ನ ಚಿತ್ರ ತೆಗೆದು, ಅಲ್ಲೇ ತೊಳೆದು ಮೂಡಿಸಬೇಕು. ಎಲ್ಲವೂ ಹತ್ತು–ಹದಿನೈದು ನಿಮಿಷದೊಳಗೆ ಮುಗಿಯಬೇಕು. ಹೀಗಾಗಿ ಹೋದಲ್ಲೆಲ್ಲ ಕತ್ತಲೆ ಡೇರೆ, ಗಾಜಿನ ಪೆಟ್ಟಿಗೆಗಳು, ಔಷಧದ ಸೀಸೆಗಳು, ತೊಟ್ಟಿಗಳು, ಕ್ಯಾಮೆರಾ ಮತ್ತು ಅದರ ಮೂರು ಕಾಲು. ಜೊತೆಗೆ ಸಾಹೇಬನ ಮಂಚ, ಕುರ್ಚಿ, ಅಡಿಗೆಯ ಸಾಮಾನು. ತೊಳೆಯಲು ಕೊಡಗಟ್ಟಲೆ ತಿಳಿನೀರು. ಬೇಸಿಗೆಯ ಬಾದಾಮಿಯಲ್ಲಿ ಆ ನೀರು ತಂದವರು ಯಾರು ಎಂದು ಯಾವ ಪಟ್ಟಿಯೂ ಹೇಳುವುದಿಲ್ಲ.

ಹಿಮಾಲಯದ ಚಿತ್ರಗಳಿಂದ ಹೆಸರಾದ ಸ್ಯಾಮ್ಯುಯಲ್ ಬೋರ್ನ್ 1863ರಲ್ಲಿ ಸಿಮ್ಲಾದಿಂದ ಹೊರಟ ಮೊದಲ ಪ್ರವಾಸಕ್ಕೇ ಸುಮಾರು 30 ಹೊರೆಯಾಳುಗಳನ್ನು ಕಟ್ಟಿಕೊಂಡಿದ್ದ. 1866ರಲ್ಲಿ 18,000 ಅಡಿಗೂ ಎತ್ತರದ ಮಾನಿರಂಗ್ ಕಣಿವೆದಾರಿಯಲ್ಲಿ ನಿಂತು ಫೋಟೊ ತೆಗೆದ. ಅಷ್ಟು ಎತ್ತರದ ಚಿತ್ರಗಳು ಮುಂದೆ ಬಹುಕಾಲ ಬೇರಾರಿಗೂ ಸಾಧ್ಯವಾಗಲಿಲ್ಲ. ಇಂಗ್ಲೆಂಡಿನ ಫೋಟೊಗ್ರಫಿ ಪತ್ರಿಕೆಗೆ ಅವನು ಕಳಿಸಿದ ಪ್ರವಾಸ ಬರಹಗಳಲ್ಲಿ ಹಿಮಶಿಖರಗಳ ವರ್ಣನೆಯ ಪಕ್ಕದಲ್ಲೇ ಆಳುಗಳ ಮೇಲಿನ ಸಿಟ್ಟೂ ಇದೆ. ಹೊರೆ ಇಳಿಸಿ ಓಡಿಹೋದವರನ್ನು ಹುಡುಕಿ ಹೊಡೆದದ್ದನ್ನು ಅವನು ಮುಚ್ಚಿಡುವುದಿಲ್ಲ. ಚಿತ್ರದಲ್ಲಿ ನಿಲ್ಲಿಸಿದ ಸ್ಥಳೀಯರು ಮರಗಟ್ಟಿದಂತೆ ನಿಲ್ಲುತ್ತಾರೆ, ಸಹಜವಾಗಿ ಇರಲು ಬರುವುದಿಲ್ಲ ಎನ್ನುವುದೂ ಅವನ ದೂರು. ಹೊಡೆತದ ಭಯ ಮತ್ತು ಸಹಜ ನಿಲುವು ಎರಡೂ ಒಟ್ಟಿಗೆ ಬೇಕು ಎಂದರೆ ಹೇಗೆ?

ನಮ್ಮ ಸೀಮೆಯಲ್ಲಿ ಈ ವ್ಯವಸ್ಥೆ ಗ್ರಾಮದ ರಚನೆಯೊಳಗೇ ಇತ್ತು. ಸಾಹೇಬರ ಮುಕ್ಕಾಮು ಬೀಳುತ್ತದೆ ಎಂದು ಮಾಮಲೆದಾರರಿಂದ ಚೀಟಿ ಬಂದರೆ ಗೌಡ, ಕುಲಕರ್ಣಿ ಓಡಾಡಬೇಕು. ಹಾಲು, ಕೋಳಿ, ಕಟ್ಟಿಗೆ, ಎತ್ತಿಗೆ ಮೇವು ಹೊಂದಿಸಬೇಕು. ವಾಲಿಕಾರ, ತಳವಾರರು ಕಾವಲಿಗೆ, ದಾರಿ ತೋರಿಸಲಿಕ್ಕೆ. ಹೊರೆ ಹೊರುವುದು ಊರ ಹೊರಗಿನ ಕೇರಿಯವರ ಪಾಲಿಗೆ, ಬಿಟ್ಟಿ ಚಾಕರಿಯ ಲೆಕ್ಕದಲ್ಲಿ. ಎಂದರೆ ಕ್ಯಾಮೆರಾ ಬಂದಾಗ ಹೊಸದಾಗಿ ಯಾರನ್ನೂ ಅಡಿಯಾಳು ಮಾಡಬೇಕಾಗಿರಲಿಲ್ಲ. ಜಾತಿಯ ಏಣಿಯನ್ನು ಊರು ಮೊದಲೇ ನಿಲ್ಲಿಸಿಟ್ಟಿತ್ತು. ಸರ್ಕಾರ ಅದರ ತುದಿಗೆ ಹತ್ತಿ ಕೂತಿತು. ಚಿತ್ರದಲ್ಲಿ ಗುಡಿಯ ಮುಂದೆ ಯಾರು ನಿಲ್ಲಬಹುದು, ಯಾರು ಅಂಗಳದೊಳಗೆ ಕಾಲಿಡಬಾರದು ಎನ್ನುವುದೂ ಆ ಏಣಿಯ ಪ್ರಕಾರವೇ. ಹೊರೆ ಹೊತ್ತು ತಂದವರಲ್ಲಿ ಕೆಲವರಿಗೆ ಆ ಗುಡಿಯ ಬಾಗಿಲು ಮುಚ್ಚಿತ್ತು ಎನ್ನುವುದನ್ನು ಮರೆತು ಈ ಚಿತ್ರಗಳನ್ನು ಬರೀ ಬಿಳಿಯರ ದಬ್ಬಾಳಿಕೆಯ ಕಥೆಯಾಗಿ ಓದಿದರೆ ಅರ್ಧ ಮಾತ್ರ ಓದಿದಂತೆ.

ಚೌಕಟ್ಟಿನ ಆಚೆ ಉರಿದ ಊರು

ಪಿಗೌ ಈ ಭಾಗದ ಗುಡಿಗಳನ್ನು ಚಿತ್ರಿಸುತ್ತಿದ್ದ ಕಾಲ 1850ರ ದಶಕದ ನಡುಭಾಗ. ಅದೇ ದಶಕದಲ್ಲಿ ಇನಾಮು ಕಮಿಷನ್ ಹಳೆಯ ಇನಾಮು ಜಮೀನುಗಳ ದಾಖಲೆ ಕೆದಕಿ ಕಿತ್ತುಕೊಳ್ಳುತ್ತಿತ್ತು. 1857ರಲ್ಲಿ ಆಯುಧ ಒಪ್ಪಿಸಬೇಕೆಂಬ ಕಾಯ್ದೆ ಬಂತು. ಮುಧೋಳದ ಹತ್ತಿರದ ಹಲಗಲಿಯ ಬೇಡರು ಒಪ್ಪಿಸೆವು ಎಂದರು. ನವೆಂಬರ್ ಕೊನೆಗೆ ದಂಡು ಬಂದು ಊರನ್ನು ಸುತ್ತುವರಿದು ಬೆಂಕಿ ಹಚ್ಚಿತು. ಡಿಸೆಂಬರಿನಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ ಒಟ್ಟು 19 ಜನರನ್ನು ಗಲ್ಲಿಗೆ ಹಾಕಿದರು. ಮುಂದಿನ ಜೂನ್‌ನಲ್ಲಿ ನರಗುಂದದ ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು.

1866ರ ಸಂಪುಟ ತೆರೆದರೆ ಇದರ ಸುಳಿವು ಎಲ್ಲಿಯೂ ಸಿಗುವುದಿಲ್ಲ. ಕಲ್ಲು, ಕೆತ್ತನೆ, ನೆರಳು. ಚಾಲುಕ್ಯರು ಮಹಾನುಭಾವರು, ಅವರ ಕೈಕೆಲಸ ಅಪೂರ್ವ. ಈಗಿನವರ ಮಾತೇ ಇಲ್ಲ. ಸತ್ತ ರಾಜರನ್ನು ಹೊಗಳುವುದು ಸುಲಭ, ಅವರು ಆಯುಧ ಹಿಡಿಯುವುದಿಲ್ಲ.

ಇದು ನಮ್ಮೊಬ್ಬರ ಕಥೆಯಲ್ಲ. 1861ರಲ್ಲಿ ಕ್ಯಾಲಿಫೋರ್ನಿಯಾದ ಕಾರ್ಲ್‌ಟನ್ ವಾಟ್ಕಿನ್ಸ್ ಯೊಸೆಮಿಟಿ ಕಣಿವೆಯ ಭಾರಿ ಗಾತ್ರದ ಚಿತ್ರಗಳನ್ನು ತೆಗೆದ. ಅವನ್ನು ನೋಡಿ ಮೆಚ್ಚಿದವರ ಪ್ರಯತ್ನವೂ ಸೇರಿ 1864ರಲ್ಲಿ ಅಧ್ಯಕ್ಷ ಲಿಂಕನ್ ಆ ಕಣಿವೆಯನ್ನು ಸಾರ್ವಜನಿಕರಿಗಾಗಿ ಕಾಯ್ದಿಡುವ ಕಾಯ್ದೆಗೆ ಸಹಿ ಹಾಕಿದ. ಮನುಷ್ಯನ ಕೈ ಸೋಕದ ನಿಸರ್ಗ ಎಂದು ಲೋಕ ಬೆರಗಾಯಿತು. ವಾಟ್ಕಿನ್ಸ್ ಚಿತ್ರ ತೆಗೆಯುವುದಕ್ಕೂ ಹತ್ತು ವರ್ಷ ಮೊದಲು, 1851ರಲ್ಲಿ, ಅಲ್ಲಿ ನೆಲೆಸಿದ್ದ ಮೂಲನಿವಾಸಿಗಳನ್ನು ಶಸ್ತ್ರಧಾರಿ ಪಡೆ ಹೊರದಬ್ಬಿತ್ತು. ಇದೇ ವಾಟ್ಕಿನ್ಸ್ ನೀರಿನ ರಭಸದಿಂದ ಗುಡ್ಡ ಕೊರೆದು ಚಿನ್ನ ತೆಗೆಯುವ ಗಣಿಗಳನ್ನೂ ಅಷ್ಟೇ ಅಂದವಾಗಿ ಚಿತ್ರಿಸಿದ. ಕಾಯ್ದಿಡುವ ನಿಸರ್ಗ ಒಂದು, ಕರಗಿಸುವ ನಿಸರ್ಗ ಇನ್ನೊಂದು. ಎರಡನ್ನೂ ನೋಡುವ ಜಾಗದಲ್ಲಿ ನಿಂತವರು ಒಂದೇ ವರ್ಗದವರು.

ಧಬಧಬೆ: ನೋಟವೂ ಹೌದು, ಬಲವೂ ಹೌದು

ಗೋಕಾಕದ ಧಬಧಬೆಗೆ ಬರೋಣ. ಘಟಪ್ರಭಾ ಇಲ್ಲಿ ಸುಮಾರು 52 ಮೀಟರ್ ಕೆಳಗೆ ಧುಮುಕುತ್ತದೆ. ದಡದಲ್ಲಿ ಹಳೆಯ ಕಲ್ಲಿನ ಗುಡಿಗಳು. ನೀರು, ಬಂಡೆ, ಪುರಾತನ ಗುಡಿ ಮೂರೂ ಒಂದೇ ಕಡೆ ಸಿಕ್ಕರೆ ಆ ಕಾಲದ ಚಿತ್ರಕಾರನಿಗೆ ಇನ್ನೇನು ಬೇಕು? ಆದರೆ ತೊಡಕೊಂದಿತ್ತು. ಸಾಹೇಬರ ಪ್ರವಾಸದ ಹಂಗಾಮು ಚಳಿಗಾಲದಿಂದ ಬೇಸಿಗೆಯವರೆಗೆ. ಧಬಧಬೆಯ ಹಂಗಾಮು ಆಷಾಢದಿಂದ ಭಾದ್ರಪದ. ಜೇಮ್ಸ್ ಬರ್ಜೆಸ್ 1874ರಲ್ಲಿ ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳಲ್ಲಿ ಪುರಾತತ್ವ ಸರ್ವೇಕ್ಷಣೆಯ ಮೊದಲ ಹಂಗಾಮಿನ ಕೆಲಸ ನಡೆಸಿದ್ದೂ ಜನವರಿಯಿಂದ ಮೇವರೆಗೆ. ಆ ತಿಂಗಳುಗಳಲ್ಲಿ ಬರೀ ಬಂಡೆಯ ಮೈ ಕಾಣುತ್ತದೆ, ನೀರು ಒಂದೆರಡು ಎಳೆ. ಮಳೆಗಾಲದಲ್ಲಿ ಕೆಂಪು ನೀರು ಅಬ್ಬರಿಸುವಾಗ ತುಂತುರು, ಕತ್ತಲ ಬೆಳಕು, ಜಾರುವ ಕಲ್ಲು. ಗಾಜಿನ ತಟ್ಟೆ ಹಿಡಿದು ಅಂಚಿಗೆ ಹೋಗುವುದು ಸಣ್ಣ ಮಾತಲ್ಲ.

ನೋಟವೆಂದು ಮೆಚ್ಚಿದ್ದ ಅದೇ ನೀರು ಬೇಗನೆ ಬಲದ ಲೆಕ್ಕಕ್ಕೂ ಬಂತು. 1885ರಲ್ಲಿ ಗೋಕಾಕ ವಾಟರ್ ಪವರ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ ಹುಟ್ಟಿತು. 1887ರಲ್ಲಿ ನೀರಿನ ಬಲದಿಂದ ನೂಲಿನ ಗಿರಣಿ ಶುರುವಾಯಿತು. ಹಿಂದಿದ್ದದ್ದು ಬೊಂಬಾಯಿಯ ಫೋರ್ಬ್ಸ್ ಬಳಗದ ಬ್ರಿಟಿಷ್ ವ್ಯಾಪಾರಿಗಳು. ಅದೇ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಬೆಳಗಾವಿ–ಮೀರಜ್ ದಾರಿ ಹಾಕಿತು. ಮೇಲ್ಗಡೆ ಧೂಪದಾಳದಲ್ಲಿ ಒಡ್ಡು ಎದ್ದು ಕಾಲುವೆ ಹರಿಯಿತು. ಹೊಳೆ ದಾಟಲು ಸುಮಾರು 200 ಮೀಟರ್ ಉದ್ದದ ತೂಗುಸೇತುವೆ ಬಂತು. ಪ್ರವಾಸಿಯ ನೋಟಕ್ಕೂ ಗಿರಣಿಯ ಯಂತ್ರಕ್ಕೂ ಬೇಕಾಗಿದ್ದು ಒಂದೇ ಅಂಚು, ಒಂದೇ ನೀರು, ಒಂದೇ ರಸ್ತೆ.

ಫೋಟೊದಿಂದ ಗಿರಣಿ ಬಂತು ಎನ್ನಲಾಗದು. ಆದರೆ ಸರ್ವೆಯವನು, ಎಂಜಿನಿಯರು, ಫೋಟೊಗ್ರಾಫರು ಒಂದೇ ಬಂಡೆಯ ಮೇಲೆ ನಿಂತು ನೋಡಿದರು. ಒಬ್ಬನಿಗೆ ಅಳತೆ, ಒಬ್ಬನಿಗೆ ಅಶ್ವಶಕ್ತಿ, ಒಬ್ಬನಿಗೆ ಅಂದ ಕಂಡಿತು. ಹೊಳೆಯ ದಂಡೆಯಲ್ಲಿ ಬಟ್ಟೆ ಒಗೆಯುವವಳಿಗೆ, ಮೀನು ಹಿಡಿಯುವವನಿಗೆ, ಮಡುವಿನಲ್ಲಿ ಎಮ್ಮೆ ಇಳಿಸುವವನಿಗೆ ಕಂಡ ಹೊಳೆಯನ್ನು ಚಿತ್ರಿಸಬೇಕೆಂದು ಅವರಲ್ಲಿ ಯಾರಿಗೂ ಅನಿಸಲಿಲ್ಲ.

ನೆಲವಿಲ್ಲದ ಮನುಷ್ಯರು

ಹಾಗಾದರೆ ಸಾಮಾನ್ಯರ ಚಿತ್ರ ಯಾರೂ ತೆಗೆಯಲೇ ಇಲ್ಲವೆ? ತೆಗೆದರು, ಬೇರೆ ಕಪಾಟಿನಲ್ಲಿ ಇಟ್ಟರು. 1868ರಿಂದ 1875ರವರೆಗೆ ಲಂಡನ್ನಿನಿಂದ 'ದಿ ಪೀಪಲ್ ಆಫ್ ಇಂಡಿಯಾ' ಎಂಬ ಎಂಟು ಸಂಪುಟಗಳು ಬಂದವು. ಜಾತಿ, ಬುಡಕಟ್ಟುಗಳ ಮಾದರಿಗಳೆಂದು ಮನುಷ್ಯರನ್ನು ವಿಂಗಡಿಸಿದ ಆ ಸಂಪುಟಗಳಲ್ಲಿ ಬಹಳ ಜನರ ಹಿಂದೆ ಹೊಲವಿಲ್ಲ, ಊರಿಲ್ಲ. ಬಟ್ಟೆಯದೋ ಗೋಡೆಯದೋ ಹಿನ್ನೆಲೆ. ನೆಲದ ಚಿತ್ರದಲ್ಲಿ ಜನರಿಲ್ಲ, ಜನರ ಚಿತ್ರದಲ್ಲಿ ನೆಲವಿಲ್ಲ. ಇವರು ಈ ನೆಲದವರು ಎಂದು ಒಂದೇ ನೋಟಕ್ಕೆ ಗೊತ್ತಾಗದ ಹಾಗೆ ಎರಡನ್ನೂ ಬಿಡಿಸಿಟ್ಟಂತಾಯಿತು.

1876–78ರ ದೊಡ್ಡ ಬರದಲ್ಲಿ ಬೆಳಗಾವಿ, ಕಲಾದಗಿ, ಧಾರವಾಡ, ಬಳ್ಳಾರಿ ಜಿಲ್ಲೆಗಳು ನಲುಗಿದವು. ಮದ್ರಾಸ್ ಸೈನ್ಯದ ಅಧಿಕಾರಿ ವಿಲ್ಲೊಬಿ ಹೂಪರ್ ಹಸಿದು ಎಲುಬಾದವರನ್ನು ಸಾಲಾಗಿ ಕೂರಿಸಿ, ನಿಲ್ಲಿಸಿ ಫೋಟೊ ತೆಗೆದ. ಅವು ವಿಲಾಯತಿಯ ಮನಸ್ಸನ್ನು ಕಲಕಿದ್ದು ನಿಜ. ಆದರೆ ಗುಂಪಿನ ಜೋಡಣೆ ನೋಡಿದರೆ ಹೊಟ್ಟೆಗಿಲ್ಲದವರಿಗೂ 'ಹೀಗೆ ಕೂಡು' ಎಂಬ ಅಪ್ಪಣೆ ತಪ್ಪಿರಲಿಲ್ಲ ಎಂದು ತಿಳಿಯುತ್ತದೆ. ಚಿತ್ರ ತೆಗೆದು ಏನೂ ಕೊಡದೆ ಕಳಿಸಿದ ಎಂಬ ಟೀಕೆಯೂ ಅವನ ಮೇಲೆ ಬಂತು.

ಕ್ಯಾಮೆರಾ ಹಿಡಿದ ನಮ್ಮವರು

ಕ್ಯಾಮೆರಾ ಬಿಳಿಯರ ಕೈಯಲ್ಲಷ್ಟೇ ಇರಲಿಲ್ಲ. ಬೊಂಬಾಯಿಯ ಫೋಟೊಗ್ರಫಿ ಸಂಘ ಹುಟ್ಟಿದ್ದು 1854ರಲ್ಲಿ; ಡಾಕ್ಟರ್ ನಾರಾಯಣ ದಾಜಿ ಅದರ ಆರಂಭದ ಸದಸ್ಯರಲ್ಲಿ ಒಬ್ಬರು. 1855ರಲ್ಲಿ ಎಲ್ಫಿನ್‌ಸ್ಟನ್ ಸಂಸ್ಥೆಯಲ್ಲಿ ಫೋಟೊಗ್ರಫಿ ತರಗತಿ ಶುರುವಾಯಿತು; ಹರಿಚಂದ ಚಿಂತಾಮಣಿಯಂಥ ವೃತ್ತಿಪರರು ಅಲ್ಲಿ ಕಲಿತು ಬಂದರು. ಲಾಲಾ ದೀನದಯಾಳ ರೂರ್ಕಿಯಲ್ಲಿ ಎಂಜಿನಿಯರಿಂಗ್ ಕಲಿತು, ಮುಂದೆ ಆರನೇ ನಿಜಾಮರ ಆಸ್ಥಾನದ ಫೋಟೊಗ್ರಾಫರಾಗಿ ದೊಡ್ಡ ಹೆಸರು ಮಾಡಿದರು. ಇವರೆಲ್ಲ ಇಂಗ್ಲಿಷ್ ಕಲಿತವರು, ನಗರದವರು, ಅಥವಾ ಅರಮನೆಯ ಆಶ್ರಯ ಪಡೆದವರು. ಕೈ ಬದಲಾಯಿತು, ಕೂರುವವರು ಯಾರು, ಹಿಂದೆ ನಿಲ್ಲುವವರು ಯಾರು ಎನ್ನುವ ಕ್ರಮ ಹೆಚ್ಚು ಬದಲಾಗಲಿಲ್ಲ.

ಇಂಗ್ಲೆಂಡಿನಲ್ಲೂ ವರ್ಗದ ಅಂತರ ಹೀಗೇ ಕಾಣುತ್ತದೆ. ಸ್ಥಿತಿವಂತ ವೈದ್ಯ ಪೀಟರ್ ಹೆನ್ರಿ ಎಮರ್ಸನ್ 1886ರಲ್ಲಿ ನಾರ್ಫೋಕ್ ಸೀಮೆಯ ಜವುಗು ನೆಲದ ಆಲ್ಬಂ ಪ್ರಕಟಿಸಿದ. ಆಪು ಕೊಯ್ಯುವವರು, ದೋಣಿ ನಡೆಸುವವರು ಅಲ್ಲಿ ದುಡಿಯುತ್ತಲೇ ಕಾಣುತ್ತಾರೆ. ಒಣ ತಟ್ಟೆಗಳು ಬಂದು ಕಾಯುವ ಹೊತ್ತು ತಗ್ಗಿದ್ದರಿಂದ ಅದು ಸಾಧ್ಯವಾಯಿತು. ಆದರೂ ಆ ದುಬಾರಿ ಆಲ್ಬಂ ಕೊಂಡವರು ಆಪು ಕೊಯ್ದವರಲ್ಲ.

ಕುಲಗೋಡ ಹಿಡಿದ ನೆನಪು

ಇದೇ ಶತಮಾನದಲ್ಲಿ ಕುಲಗೋಡ ಏನು ಮಾಡುತ್ತಿತ್ತು? ಆಟ ಕಟ್ಟುತ್ತಿತ್ತು. ಅಪರಾಳ ತಮ್ಮಣ್ಣ ರಚಿಸಿದ ಶ್ರೀಕೃಷ್ಣ ಪಾರಿಜಾತವನ್ನು ತಿದ್ದಿ ತೀಡಿ ರಂಗಕ್ಕೆ ಒಗ್ಗಿಸಿ ಊರೂರಿಗೆ ಮುಟ್ಟಿಸಿದವರು ಕುಲಗೋಡದ ತಮ್ಮಣ್ಣ ಎಂದು ಪಾರಿಜಾತದ ಪರಂಪರೆ ಹೇಳುತ್ತದೆ. ಸತ್ಯಭಾಮೆಯ ಗರ್ವ, ರುಕ್ಮಿಣಿಯ ಭಕ್ತಿ, ಒಂದು ಹೂವಿನ ಜಗಳ ಎಲ್ಲರಿಗೂ ಗೊತ್ತಿರುವ ಕಥೆ. ಈ ಆಟದ ಜೀವ ಇರುವುದು ಅದರ ಸಣ್ಣ ಪಾತ್ರಗಳಲ್ಲಿ. ಹಾಲು ಮೊಸರು ಮಾರುವ ಗೊಲ್ಲತಿ ಬರುತ್ತಾಳೆ, ಕಣಿ ಹೇಳುವ ಕೊರವಂಜಿ ಬರುತ್ತಾಳೆ, ದೂತಿ ಬರುತ್ತಾಳೆ. ಅವರನ್ನು ಕೆಣಕಿದರೆ ತಿರುಗಿ ಕೊಡುತ್ತಾರೆ. ದ್ವಾರಕೆಯ ಅರಮನೆಯ ಕಥೆ ಗೋಕಾಕ ಸೀಮೆಯ ಆಡುಮಾತಿನಲ್ಲಿ, ಕೇರಿಯ ಹಾಸ್ಯದಲ್ಲಿ ನಡೆಯುತ್ತದೆ. ಬೆಳಗಿನ ಜಾವದವರೆಗೆ ಕೂತು ನೋಡುವ ಜನ ನಗುವುದು ಹೆಚ್ಚಾಗಿ ಈ ಪಾತ್ರಗಳು ಬಂದಾಗಲೇ.

ಅದೇ ದಶಕಗಳಲ್ಲಿ ಒಬ್ಬ ಗೊಲ್ಲತಿ ಫೋಟೊಗ್ರಾಫರನ ಮುಂದೆ ಬಂದಿದ್ದರೆ ಅವಳು ಒಂದು ಜಾತಿಯ ಮಾದರಿಯಾಗುತ್ತಿದ್ದಳು, ಇಲ್ಲವೆ ಗುಡಿಯ ಎತ್ತರ ತಿಳಿಸುವ ಗುರುತಾಗುತ್ತಿದ್ದಳು. ಪಾರಿಜಾತದಲ್ಲಿ ಅವಳಿಗೆ ಮಾತಿದೆ. ಲಾವಣಿಗಳಲ್ಲೂ ಹಾಗೆಯೇ: ಕ್ಯಾಮೆರಾ ಕಾಣದ ಹಲಗಲಿಯ ಬೆಂಕಿಯನ್ನು ಲಾವಣಿಕಾರರು ಹೆಸರು ಹೆಸರಾಗಿ ಹಾಡಿದರು. ಸಂಗೊಳ್ಳಿ ರಾಯಣ್ಣ ವಾಲಿಕಾರಿಕೆಯ ಮನುಷ್ಯ. ಸಾಹೇಬರ ಚಿತ್ರಗಳಲ್ಲಿ ಅಂಥವನಿಗೆ ಸಿಗಬಹುದಾಗಿದ್ದ ಜಾಗ ಕಂಬದ ಪಕ್ಕ. ಹಾಡು ಅವನನ್ನು ನಾಯಕನನ್ನಾಗಿ ಮಾಡಿತು. ಆದರೆ ಈ ಹಾಡುಗಳನ್ನು 1885ರಿಂದ 'ಇಂಡಿಯನ್ ಆಂಟಿಕ್ವೆರಿ'ಯಲ್ಲಿ ಅಚ್ಚು ಹಾಕಿಸಿ ಉಳಿಸಿದವನು ಜೆ.ಎಫ್. ಫ್ಲೀಟ್, ಅದೇ ಸರ್ಕಾರದ ಅಧಿಕಾರಿ.

ಇಷ್ಟಾದ ಮೇಲೂ ಆ ಫೋಟೊಗಳನ್ನು ತಳ್ಳಿಹಾಕುವ ಹಾಗಿಲ್ಲ. ಬಿಗ್ಸ್, ಪಿಗೌ ತೆಗೆದ ಶಾಸನಗಳ ಚಿತ್ರಗಳಿಂದ ಫ್ಲೀಟನಂಥವರು ಹಳಗನ್ನಡ ಶಾಸನ ಓದಿದರು. ಕನ್ನಡದ ಇತಿಹಾಸಕ್ಕೆ ಅದರಿಂದ ಲಾಭವಾಯಿತು. ಗ್ರೀನ್‌ಲಾ ತೆಗೆದ ಹಂಪಿಯ ಕಲ್ಲಿನ ರಥದ ಚಿತ್ರದಲ್ಲಿ ಅದರ ತಲೆಯ ಮೇಲೆ ಇಟ್ಟಿಗೆಯ ಶಿಖರವಿದೆ. ಇಂದಿನ ರಥಕ್ಕೆ ಅದಿಲ್ಲ. ಐವತ್ತು ರೂಪಾಯಿ ನೋಟಿನಲ್ಲಿ ನಾವು ನೋಡುವುದು ಶಿಖರ ಹೋದ ಮೇಲಿನ ರೂಪ. ಐಹೊಳೆಯಲ್ಲಿ ಲಾಡ್ ಖಾನ್ ಗುಡಿ, ಬಡಿಗೇರ ಗುಡಿ, ಅಂಬಿಗೇರ ಗುಡಿ ಎಂಬ ಹೆಸರುಗಳು ಇವತ್ತಿಗೂ ಇವೆ. ಚಾಲುಕ್ಯರು ಇಟ್ಟ ಹೆಸರುಗಳಲ್ಲ ಅವು. ಮುಂದೆ ಆ ಗುಡಿಗಳಲ್ಲಿ, ಅವುಗಳ ಮಗ್ಗುಲಲ್ಲಿ ಬಾಳುವೆ ಮಾಡಿದವರಿಂದ ಬಂದವು. ಪಾಳು ಎಂದು ಚಿತ್ರಿಸಿದ ಗುಡಿಯಲ್ಲಿ ಜನ ಒಲೆ ಹೂಡಿ ಬದುಕುತ್ತಿದ್ದರು ಎನ್ನುವುದಕ್ಕೆ ಆ ಹೆಸರುಗಳೇ ಸಾಕ್ಷಿ.

ಈ ಹಳೆಯ ಚಿತ್ರಗಳಲ್ಲಿ ಬಹಳಷ್ಟು ಈಗ ಡಿಜಿಟಲ್ ರೂಪದಲ್ಲಿ ಸಿಗುತ್ತವೆ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳು, ಹೈಸ್ಕೂಲುಗಳು ತಮ್ಮ ಸೀಮೆಯವನ್ನು ಮುದ್ರಿಸಿ ಗೋಡೆಗೆ ಹಾಕಬಹುದು. ಹಾಕುವಾಗ ಇಂಗ್ಲಿಷಿನ ಅಡಿಬರಹವನ್ನು ಕನ್ನಡಕ್ಕೆ ಇಳಿಸಿ ಕೈತೊಳೆದುಕೊಳ್ಳಬಾರದು. ಮೂರು ಸಾಲು ಹೆಚ್ಚಿಗೆ ಬರೆಯಬೇಕು: ಆ ವರ್ಷ ಈ ಸೀಮೆಯಲ್ಲಿ ಏನು ನಡೆದಿತ್ತು, ಈ ಜಾಗದಲ್ಲಿ ಯಾರು ಬದುಕಿದ್ದರು, ಸಾಹೇಬನ ಪೆಟ್ಟಿಗೆಗಳನ್ನು ಇಲ್ಲಿಗೆ ಹೊತ್ತು ತರುವ ಪಾಳಿ ಯಾವ ಕೇರಿಯದಾಗಿತ್ತು. ಮೊದಲ ಎರಡಕ್ಕೆ ದಾಖಲೆ, ಲಾವಣಿಗಳಿವೆ. ಮೂರನೆಯದಕ್ಕೆ ಊರಿನ ಹಿರಿಯರನ್ನು ಕೇಳಬೇಕು. ಉತ್ತರ ಕೆಲವು ಮನೆಗಳಿಗೆ ಮುಜುಗರ ತರಬಹುದು, ಆದರೂ ಕೇಳಬೇಕು. ಸಾಹೇಬರು ಈ ಸಾಲುಗಳನ್ನು ಬಿಟ್ಟದ್ದು ಕಾಗದ ಸಾಲದೆ ಅಲ್ಲ, ಬೇಕೆನಿಸದೆ. ನಮಗೆ ಬೇಕಿದ್ದರೆ ನಾವೇ ಬರೆದುಕೊಳ್ಳಬೇಕು.